ಬಲೆಯೂ ಬಲಿಯೂ: ಮಕ್ಕಳ ಚದುರಂಗಕ್ಕೊಂದು ಚರಿತ್ರೆ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕದಂಬರು, ಹೊಯ್ಸಳರು, ಪಂಪ, ಕುಮಾರವ್ಯಾಸರು ಬರುವುದು ವಾಡಿಕೆ, ಬರಬೇಕಾದದ್ದೇ ಸರಿ. ಅಂಥ ಪುಟಗಳ ನಡುವೆ ಮಕ್ಕಳಾಡುವ ಒಂದು ಮಣೆಯನ್ನು ತಂದಿಟ್ಟರೆ ವಾಚಕರು ಹುಬ್ಬೇರಿಸಬಹುದು. ಆದರೆ ಆ ಮಣೆಗೂ ಕನ್ನಡ ನಾಡಿಗೂ ಇರುವ ನಂಟು ಒಂಬೈನೂರು ವರ್ಷಗಳಿಗೆ ಕಡಿಮೆಯದಲ್ಲ. ಅಲ್ಲದೆ ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನೆಲೆಸಿದ ನಮ್ಮವರ ಮಕ್ಕಳು ಶಾಲೆಯಿಂದ ಮನೆಗೆ ತರುವ ವಿದ್ಯೆಗಳಲ್ಲಿ ಈಗ ಚೆಸ್ಸೂ ಒಂದಾಗಿದೆ. ಆದುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮಗು ಚೆಸ್ ಕಲಿತ ಮೊದಲನೆಯ ತಿಂಗಳಿನಲ್ಲೇ ಯಾರೋ ಒಬ್ಬ ದೊಡ್ಡ ಹುಡುಗ ಅದಕ್ಕೆ ನಾಲ್ಕು ನಡೆಯಲ್ಲಿ ಗೆಲ್ಲುವ ಉಪಾಯವನ್ನು ಹೇಳಿಕೊಡುತ್ತಾನೆ. ಮಗು ಆ ಉಪಾಯದಿಂದ ಐದು ಜನರನ್ನು ಸೋಲಿಸುತ್ತದೆ. ಆರನೆಯವನಿಗೆ ಉತ್ತರ ಗೊತ್ತಿರುತ್ತದೆ. ಮುಂದೆ ಹೊರಬಿಟ್ಟ ಮಂತ್ರಿಯನ್ನು ಅವನು ಮಣೆಯ ತುಂಬ ಅಟ್ಟಿಸಿಕೊಂಡು ಹೋಗುತ್ತಾನೆ. ಅಲ್ಲಿಗೆ ಮಗುವಿನ ಬಂಡವಾಳ ಮುಗಿಯಿತು. ಮಣೆ ಅಟ್ಟಕ್ಕೇರುತ್ತದೆ. ಸೋತ ಮಕ್ಕಳು ತಾವು ದಡ್ಡರೆಂದು ತಿಳಿದು ಬಿಟ್ಟುಬಿಡುವುದೂ ಉಂಟು, ಗೆದ್ದ ಮಕ್ಕಳು ತಾವು ಜಾಣರೆಂದು ತಿಳಿದು ಕಲಿಯದೆ ಉಳಿಯುವುದೂ ಉಂಟು. ಎರಡನ್ನೂ ನಾವು ನಮ್ಮ ನೆರೆಹೊರೆಯ ಮನೆಗಳಲ್ಲಿ ಕಂಡಿದ್ದೇವೆ. ಎದುರಾಳಿಯ ಅರಿಯದಿಕೆಯನ್ನೇ ನೆಚ್ಚಿ ಆರಂಭದಲ್ಲಿ ಒಡ್ಡುವುದು ಬಲೆ. ತನ್ನ ಕಾಯಿಯನ್ನು ತಿಳಿದೂ ತಿಳಿದೂ ಕೊಟ್ಟು ಅದಕ್ಕಿಂತ ಹೆಚ್ಚಿನದನ್ನು ಪಡೆಯುವುದು ಬಲಿ. ಮಣೆಯ ಮೇಲೆ ಇವೆರಡೂ ಅಣ್ಣತಮ್ಮಂದಿರಂತೆ ಕಂಡರೂ ಕಲಿಸುವವರು ಇವನ್ನು ಬೇರೆ ಬೇರೆಯಾಗಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಆಟದ ಚರಿತ್ರೆಯೂ ಹಾಗೆಯೇ ಹೇಳುತ್ತದೆ.

ಅದಕ್ಕೆ ಮೊದಲು ಒಂದು ತೊಡಕನ್ನು ಬಿಡಿಸಬೇಕು. ನಮ್ಮ ಮನೆಗಳಲ್ಲಿ ಮಣೆಯ ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವ ಕಾಯಿ ಆನೆ. ಓರೆಯಾಗಿ ನಡೆಯುವುದು ಒಂಟೆ, ಕೆಲವರ ಬಾಯಲ್ಲಿ ರಥ. ಮಲಯಾಳದ ಮಕ್ಕಳಿಗೋ ಮೂಲೆಯದು ತೇರು, ಓರೆಯದೇ ಆನೆ. ಹೀಗಾಗಿ ಇಲ್ಲಿ ಹುಟ್ಟಿದ ಕನ್ನಡದ ಮಗುವಿಗೆ ಮನೆಯ ಆನೆ ನೇರ, ಶಾಲೆಯ ಆನೆ ಓರೆ! ಮಗು ಕಕ್ಕಾಬಿಕ್ಕಿಯಾಗುವುದು ಸಹಜ. ತಂದೆತಾಯಿಗಳು ಒಬ್ಬರನ್ನು ಸರಿ, ಇನ್ನೊಬ್ಬರನ್ನು ತಪ್ಪು ಎನ್ನಬೇಕಾಗಿಲ್ಲ. ಚತುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆ. ಈ ಸೇನೆಯಲ್ಲಿ ಆನೆಯಷ್ಟು ವೇಷ ಬದಲಿಸಿದ ಪ್ರಾಣಿ ಇನ್ನೊಂದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಅದ್ಲಿ ಎಂಬ ಆಟಗಾರ ಭಾರತದವರು ಆನೆಯನ್ನು ಮೂಲೆಯಲ್ಲಿರಿಸುತ್ತಾರೆಂದೂ ಅದು ನೇರಕ್ಕೆ ಎರಡು ಮನೆ ನೆಗೆಯುತ್ತದೆಂದೂ ತಿಳಿಸಿದನು. 1030ರ ಸುಮಾರಿನಲ್ಲಿ ಅಲ್ ಬಿರೂನಿಯು ತಾನು ಕಂಡ ಆಟದಲ್ಲಿ ಆನೆ ಮುಂದಕ್ಕೊಂದು ಮನೆ ಅಥವಾ ನಾಲ್ಕು ಓರೆಗಳಲ್ಲಿ ಒಂದೊಂದು ಮನೆ ನಡೆಯುವುದೆಂದೂ, ಇದು ಸೊಂಡಿಲಿಗೂ ನಾಲ್ಕು ಕಾಲುಗಳಿಗೂ ಹೊಂದುವುದೆಂದೂ ಬರೆದನು. ಪರ್ಷಿಯ, ಅರಬ್ ದೇಶಗಳ ಆಟದಲ್ಲಿ ಅದು ಓರೆಗೆ ಎರಡು ಮನೆ ಹಾರುತ್ತಿತ್ತು. ಹಾಗಾದರೆ ನೇರದ ಆನೆಯೂ ಹಳೆಯದೇ, ಓರೆಯ ಆನೆಯೂ ಹಳೆಯದೇ. ಉತ್ತರ ಹಿಂದೂಸ್ಥಾನದವರ ಹಾಥಿ, ಊಂಟ್‌ಗಳ ಜೊತೆಯಲ್ಲಿ ನಮ್ಮ ಆನೆ, ಒಂಟೆಗಳು ಹೋಗುತ್ತವೆ. ಮಲಯಾಳದವರು ತೇರನ್ನು ಉಳಿಸಿಕೊಂಡಿದ್ದಾರೆ. ಎರಡು ಹೆಸರುಗಳನ್ನೂ ಕಲಿತ ಮಗುವಿಗೆ ನಷ್ಟವೇನೂ ಇಲ್ಲ.

ಇನ್ನು ನಮ್ಮ ನಾಡಿನ ದಾಖಲೆಗೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 1129ರ ಸುಮಾರಿನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಚತುರಂಗಕ್ಕೂ ಸ್ಥಾನವಿದೆ. ಅಡುಗೆ, ಸಂಗೀತ, ಆನೆ ಪಳಗಿಸುವುದು ಮೊದಲಾದುವನ್ನು ಬರೆದ ಗ್ರಂಥದಲ್ಲಿ ಈ ಆಟವನ್ನೂ ಬಿಡದೆ ಬರೆದಿರುವುದನ್ನು ನೋಡಿದರೆ ಆಗ ಅದಕ್ಕಿದ್ದ ಗೌರವ ತಿಳಿಯುತ್ತದೆ. ಅಲ್ಲಿಂದ ಏಳುನೂರು ವರ್ಷ ಈಚೆಗೆ ಬಂದರೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿ 1799ರಲ್ಲಿ ಐದು ವರ್ಷದ ಬಾಲಕರಾಗಿ ಸಿಂಹಾಸನವೇರಿದ ಈ ಅರಸರಿಂದ 1831ರಲ್ಲಿ ಇಂಗ್ಲಿಷರು ರಾಜ್ಯಭಾರವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಪಟ್ಟವಿತ್ತು, ಆಳ್ವಿಕೆಯಿರಲಿಲ್ಲ. ಆ ಮೂವತ್ತೇಳು ವರ್ಷಗಳಲ್ಲಿ ಅವರು ವಿದ್ವಾಂಸರನ್ನು ಸಾಕಿದರು, ಶ್ರೀತತ್ತ್ವನಿಧಿಯಂಥ ಗ್ರಂಥವನ್ನು ಸಿದ್ಧಪಡಿಸಿದರು, ಮಣೆಯಾಟ ಇಸ್ಪೀಟಾಟಗಳಲ್ಲಿ ಹೊಸ ಹೊಸ ಬಗೆಗಳನ್ನು ಕಲ್ಪಿಸಿದರು. ನಿಜವಾದ ದಂಡು ಕೈತಪ್ಪಿದ ಅರಸರು ಮಣೆಯ ಮೇಲಿನ ದಂಡನ್ನು ಹಿಡಿದರೆಂದು ಕೆಲವರು ನಗುವುದುಂಟು. ನಮಗೆ ಅದರಲ್ಲಿ ನಗುವಂಥದೇನೂ ಕಾಣುವುದಿಲ್ಲ.

ಅವರ ವಿಶೇಷ ಪ್ರೀತಿಯಿದ್ದದ್ದು ಕುದುರೆಯ ಸಂಚಾರದಲ್ಲಿ. ಒಂದೇ ಕುದುರೆಯನ್ನು ಹಿಡಿದು ಅರವತ್ತನಾಲ್ಕು ಮನೆಗಳನ್ನೂ, ಯಾವ ಮನೆಯನ್ನೂ ಎರಡನೆಯ ಸಲ ತುಳಿಯದೆ, ಸುತ್ತಿಸುವ ಸಮಸ್ಯೆ ಅದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ, ಮುಂದೆ ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ ಅರ್ಧ ಮಣೆಯ ಮೇಲೆ ಅಕ್ಷರಗಳನ್ನು ಹೊಂದಿಸಿ ಇದೇ ನಡೆಯ ಶ್ಲೋಕಗಳನ್ನು ಕಟ್ಟಿದ್ದರು. ಮುಮ್ಮಡಿಯವರು ಅಂಕೆಗಳ ಕಡೆ ಒಲಿದರು. ಕುದುರೆ ಇಟ್ಟ ಹೆಜ್ಜೆಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಬರೆಯುತ್ತ ಹೋಗಿ ಸಾಲುಗಳ ಮೊತ್ತ ಸಮನಾಗುವಂತೆ ಮಾಡುವುದರಲ್ಲಿ ಅವರಿಗೆ ಆಸಕ್ತಿ. ಒಂದರಿಂದ ಅರವತ್ತನಾಲ್ಕರವರೆಗಿನ ಮೊತ್ತ 2080. ಎಂಟು ಸಾಲಿಗೆ ಹಂಚಿದರೆ ಸಾಲೊಂದಕ್ಕೆ 260. ಲೆಕ್ಕದ ಪುಸ್ತಕದ ಜೊತೆಯಲ್ಲೇ ದಿನ ಕಳೆಯುವ ನಮ್ಮಂಥವರಿಗೆ ಇದು ಸಂಜೆಯ ಹೊತ್ತಿಗೆ ತಾಳೆ ಬಿದ್ದ ಲೆಡ್ಜರಿನಷ್ಟೇ ಚೆಲುವಾಗಿ ಕಾಣುತ್ತದೆ. ಈ ಸಂಚಾರದಲ್ಲಿ ಎದುರಾಳಿಯೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಎದುರಾಳಿಯಿಲ್ಲದ ಮೇಲೆ ಬಲೆಯೂ ಇಲ್ಲ.

ಹಾಗೆಂದು ನಮ್ಮ ಹಿರಿಯರು ಬಲೆಯನ್ನೇ ಅರಿಯದ ಸಾಧುಗಳೆಂದಲ್ಲ. ಅವರ ಆಟದ ನಿಯಮ ಬೇರೆಯಾಗಿತ್ತು, ಅಷ್ಟೆ. ದೇಶೀ ಆಟದಲ್ಲಿ ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದಿಡುತ್ತಿತ್ತು. ಎರಡು ದಂಡುಗಳು ಮುಖಾಮುಖಿಯಾಗಲು ಹೊತ್ತು ಹಿಡಿಯುತ್ತಿತ್ತು. ಚೆಕ್ ಬೀಳದಿದ್ದ ರಾಜನಿಗೆ ಒಂದು ಸಲ ಕುದುರೆಯಂತೆ ನೆಗೆದು ಪಾರಾಗುವ ಹಕ್ಕು ಬೇರೆ. ಕೊನೆಯ ಸಾಲು ಮುಟ್ಟಿದ ಪದಾತಿ ತನ್ನ ಇಷ್ಟದ ಕಾಯಿಯಾಗುವಂತಿರಲಿಲ್ಲ. ಆ ಸಾಲಿನ ಒಡೆಯನ ಪದವಿಯೇ ಅದಕ್ಕೆ. ಊರೂರಿಗೆ ಅಲ್ಪಸ್ವಲ್ಪ ಭೇದವಿದ್ದರೂ ಒಟ್ಟಿನಲ್ಲಿ ಆರಂಭವು ನಿಧಾನ, ಜಾಣತನವೆಲ್ಲ ಆಟದ ನಡುವಿನಲ್ಲಿ ಮತ್ತು ಕೊನೆಯಲ್ಲಿ. ತಿರುವೆಂಗಡಾಚಾರ್ಯ ಶಾಸ್ತ್ರಿಗಳೆಂಬ ದಾಕ್ಷಿಣಾತ್ಯ ಪಂಡಿತರು 1814ರಲ್ಲಿ ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಚೆಸ್ ಪುಸ್ತಕವು ಇದಕ್ಕೆ ಸಾಕ್ಷಿ. ದೇಶೀ ಆಟದ ಸಮಸ್ಯೆಗಳನ್ನು ಐರೋಪ್ಯ ನಿಯಮಕ್ಕೆ ಹೊಂದಿಸಿ, ಇಷ್ಟು ನಡೆಗಳಲ್ಲಿ ಗೆಲ್ಲಬೇಕೆಂದು ಕೊಟ್ಟ ಬಿಕ್ಕಟ್ಟುಗಳ ಸಂಗ್ರಹ ಅದು. ಕಾಯಿಯ ಮೇಲೆ ಕಾಯಿ ಬಲಿ ಕೊಟ್ಟು ರಾಜನನ್ನು ಕಟ್ಟುವ ವಿದ್ಯೆ ನಮ್ಮಲ್ಲಿ ಹಳೆಯದೇ. ಆರಂಭದ ಬಲೆಗಳ ಬಾಯಿಪಾಠ ಮಾತ್ರ ಹೊರಗಿನಿಂದ ಬಂದದ್ದು.

ಅದು ಎಲ್ಲಿ ಬೆಳೆಯಿತು? ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ಪೇನ್, ಇಟಲಿಗಳ ಕಡೆ ಒಂದೊಂದೇ ಮನೆ ಓರೆಯಾಗಿ ನಡೆಯುತ್ತಿದ್ದ ಬಡ ಮಂತ್ರಿಯು ದಿಕ್ಕೆಂಟನ್ನೂ ಆಳುವ ರಾಣಿಯಾಯಿತು. ಮಣೆಯ ಮೇಲೆ ಕ್ರಾಂತಿಯೇ ಆಯಿತೆನ್ನಬೇಕು. ಐದಾರು ನಡೆಗಳಲ್ಲೇ ರಾಜನು ಸಿಕ್ಕಿಬೀಳುವ ಅಪಾಯ ಬಂದಿತು. ಅಪಾಯ ಬಂದಲ್ಲಿ ಪುಸ್ತಕಗಳೂ ಬಂದವು. 1512ರಲ್ಲಿ ರೋಮಿನಲ್ಲಿ ಪೋರ್ಚುಗೀಸಿನ ದಮಿಯಾನೊ ಎಂಬವನ ಪುಸ್ತಕ ಹೊರಟಿತು. ರಾಜನ ಮುಂದಿನ ಪದಾತಿಯನ್ನು ಕಾಯಲು ಅದರ ಪಕ್ಕದ, ಒಂಟೆಯ ಮುಂದಿನ, ಪದಾತಿಯನ್ನು ಒಂದು ಮನೆ ನೂಕುವುದು ಕೆಟ್ಟ ನಡೆಯೆಂದು ಅವನು ತೋರಿಸಿಕೊಟ್ಟನು. ಲೋಕವೋ ಆ ಕೆಟ್ಟ ನಡೆಗೇ ಅವನ ಹೆಸರಿಟ್ಟಿತು! ಪಾಪ, ಐನೂರು ವರ್ಷಗಳಿಂದ ಅವನು ತಾನು ಬೈದ ಮಗುವಿಗೆ ತಂದೆಯೆನಿಸಿಕೊಂಡಿದ್ದಾನೆ. ಇಲ್ಲಿ ಬಿಳಿಯನು ಕುದುರೆಯಿಂದ ಆ ನಡುವಿನ ಪದಾತಿಯನ್ನು ಹೊಡೆಯುತ್ತಾನೆ. ಕರಿಯನು ಕುದುರೆಯನ್ನು ತಿಂದರೆ ಬಿಳಿಯ ಮಂತ್ರಿ ಅಂಚಿಗೆ ಬಂದು ಚೆಕ್ ಹೇಳುತ್ತದೆ. ಅಡ್ಡವಾಗಿ ಪದಾತಿಯನ್ನಿಟ್ಟರೆ ನಡುವಿನ ಪದಾತಿಯನ್ನು ಹೊಡೆದು ಮತ್ತೊಂದು ಚೆಕ್, ಜೊತೆಗೆ ಮೂಲೆಯ ಆನೆಯೂ ಹೋಯಿತು. ರಾಜನೇ ಮುಂದೆ ಬಂದರೆ ಬಯಲಿನಲ್ಲಿ ಬೇಟೆಗೆ ಸಿಕ್ಕ ಮೃಗದ ಗತಿ. ಕೊಟ್ಟದ್ದು ಒಂದು ಕುದುರೆ, ಬಂದದ್ದು ಅದಕ್ಕಿಂತ ಬಹಳ. ಎದುರಾಳಿ ಎಂಥ ಪಂಡಿತನಾದರೂ ಈ ಲೆಕ್ಕ ತಪ್ಪುವುದಿಲ್ಲ. ಮಕ್ಕಳಿಗೆ ಬಲಿಯ ಮೊದಲ ಪಾಠವಾಗಿ ನಾವು ಆರಿಸುವುದು ಇದನ್ನೇ.

ಆಮೇಲೆ ಬಂದವನು ಇಟಲಿಯ ಕಲಾಬ್ರಿಯದ ಗ್ರೆಕೊ. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಅವನು ಊರೂರು ತಿರುಗಿ ಶ್ರೀಮಂತರಿಗೆ ಹಸ್ತಪ್ರತಿಗಳನ್ನು ಬರೆದುಕೊಡುತ್ತಿದ್ದನು. ಚುಟುಕಾದ, ಮಿಂಚಿನಂಥ ಆಟಗಳು. ಪ್ರತಿಯೊಂದರಲ್ಲೂ ಒಬ್ಬನು ಬಲೆಯೊಡ್ಡುತ್ತಾನೆ, ಇನ್ನೊಬ್ಬನು ಬೀಳುತ್ತಾನೆ. ಇಂದಿಗೂ ಶಾಲೆಯ ಅಂಗಳಗಳಲ್ಲಿ ಓಡಾಡುವ ಎಷ್ಟೋ ಬಲೆಗಳ ಬೇರು ಅವನ ಹಾಳೆಗಳಲ್ಲಿದೆ.

ಎಲ್ಲಕ್ಕಿಂತ ಹೆಸರಾದದ್ದು ಪ್ಯಾರಿಸಿನ ಲೆಗಾಲನ ಬಲೆ. ಫಿಲಿಡೋರನಿಗೆ ಗುರುವಾದ ಈತನು 1702ರಿಂದ 1792ರವರೆಗೆ, ತೊಂಬತ್ತು ವರ್ಷ, ಬಾಳಿದನು. 1750ರ ಸುಮಾರಿಗೆ ಆಡಿದನೆನ್ನುವ ಆ ಆಟದಲ್ಲಿ ಕರಿಯನ ಒಂಟೆ ಬಿಳಿಯ ಕುದುರೆಯನ್ನು ಅದರ ಹಿಂದಿರುವ ಮಂತ್ರಿಗೆ ಕಟ್ಟಿಹಾಕಿದಂತೆ ನಿಂತಿದೆ. ಕುದುರೆ ಕದಲಿದರೆ ಮಂತ್ರಿ ಹೋಯಿತು. ಆದರೂ ಬಿಳಿಯನು ಕುದುರೆಯನ್ನು ಎತ್ತಿ ನಡುವಿನ ಪದಾತಿಯನ್ನು ಹೊಡೆದುಬಿಡುತ್ತಾನೆ! ಕರಿಯನು ಹಿಗ್ಗಿ ಮಂತ್ರಿಯನ್ನು ತಿನ್ನುತ್ತಾನೆ. ಬಿಳಿಯ ಒಂಟೆ ರಾಜನ ಪಕ್ಕದ ಪದಾತಿಯನ್ನು ಹೊಡೆದು ಚೆಕ್, ರಾಜ ಒಂದು ಮನೆ ಮುಂದೆ, ಎರಡನೆಯ ಕುದುರೆ ನೆಗೆದು ಬಂದು ಚೆಕ್‌ಮೇಟ್. ಮಂತ್ರಿಯಿಲ್ಲದ ದಂಡು ಎರಡು ಕುದುರೆ, ಒಂದು ಒಂಟೆಯಿಂದ ಅರಸನನ್ನು ಹಿಡಿಯಿತು. ಮೊದಲ ಸಲ ಇದನ್ನು ನೋಡಿದ ಮಗುವಿನ ಕಣ್ಣು ಅರಳದಿದ್ದರೆ ಆ ಮಗುವಿಗೆ ಬೇರೆ ಆಟ ಕಲಿಸುವುದು ಲೇಸು.

ಆದರೆ ಪಾಠ ಇಲ್ಲಿಗೆ ಮುಗಿಯಬಾರದು. ಕರಿಯನು ಆಸೆಪಡದೆ, ಮಂತ್ರಿಯನ್ನು ಬಿಟ್ಟು, ತನ್ನ ಪದಾತಿಯಿಂದ ಕುದುರೆಯನ್ನು ತಿಂದರೆ? ಬಿಳಿಯ ಮಂತ್ರಿ ಒಂಟೆಯನ್ನು ಹೊಡೆಯುತ್ತದೆ. ಬಿಳಿಯನಿಗೆ ಒಂದು ಪದಾತಿ ಲಾಭ. ಅಲ್ಲಿಗೆ ಸರಿ. ಇನ್ನೊಂದು ಸಂಗತಿ ಕೇಳಿರಿ. ಲೆಗಾಲನ ಆಟ ನಮಗೆ ಒಂದಕ್ಕಿಂತ ಹೆಚ್ಚು ಪಾಠಗಳಲ್ಲಿ ಬಂದಿದೆ. ಅವುಗಳಲ್ಲಿ ಒಂದರಂತೆ ಕರಿಯನ ಮಂತ್ರಿ ಕಡೆಯ ಕುದುರೆ ಆಗಲೇ ಹೊರಬಂದು ನಡುವಿನ ಮನೆಯನ್ನು ಕಾಯುತ್ತಿತ್ತು. ಹಾಗಿದ್ದರೆ ಆ ಕುದುರೆಯಿಂದಲೇ ಬಿಳಿಯ ಕುದುರೆಯನ್ನು ತಿನ್ನಬಹುದಾಗಿತ್ತು. ಒಂಟೆಗೂ ಅದೇ ರಕ್ಷಣೆ. ಬಿಳಿಯನಿಗೆ ಒಂದು ಪದಾತಿಗೆ ಪ್ರತಿಯಾಗಿ ಇಡೀ ಕುದುರೆ ನಷ್ಟ. ಅಂದರೆ ಜಗತ್ಪ್ರಸಿದ್ಧವಾದ ಬಲೆಯೂ, ಒಂದು ಕುದುರೆ ಬೇರೆ ಮನೆಯಲ್ಲಿದ್ದರೆ, ತೂತುಬಲೆ. ಮಗು ನಡೆಗಳನ್ನು ಕಂಠಪಾಠ ಮಾಡಿದ್ದರೆ ಈ ಭೇದ ಅದಕ್ಕೆ ಕಾಣುವುದೇ ಇಲ್ಲ. ಕುದುರೆ ಯಾವ ಮನೆಯಲ್ಲಿದೆಯೆಂದು ನೋಡುವ ಅಭ್ಯಾಸವಿದ್ದರೆ ಕಾಣುತ್ತದೆ.

ಈ ಐರೋಪ್ಯ ವಿದ್ಯೆಯೂ ನಮ್ಮ ವಿದ್ಯೆಯೂ ಕೈಕೈ ಮಿಲಾಯಿಸಿದ್ದು ಕಲ್ಕತ್ತೆಯಲ್ಲಿ. ಅಲ್ಲಿ ಬ್ಯಾರಿಸ್ಟರನಾಗಿದ್ದ ಜಾನ್ ಕಾಕ್ರೇನ್ ಒಳ್ಳೆಯ ಆಟಗಾರ, ಬಲಿ ಕೊಡುವುದರಲ್ಲಿ ಎದೆಗಾರ. ಕಲ್ಕತ್ತೆಯ ಹೊರಗಿನ ಹಳ್ಳಿಯಿಂದ ಬಂದ ಮಹೇಶಚಂದ್ರ ಬಂದ್ಯೋಪಾಧ್ಯಾಯ ಎಂಬ ಬ್ರಾಹ್ಮಣರು ಅವನಿಗೆ ಜೋಡಿ. ಹತ್ತು ವರ್ಷಕ್ಕೂ ಮೇಲ್ಪಟ್ಟು ಇಬ್ಬರೂ ನೂರಾರು ಆಟ ಆಡಿದರು. ಆಟಗಳು ವಿಲಾಯತಿಯ ಪತ್ರಿಕೆಗಳಲ್ಲಿ ಅಚ್ಚಾದವು. 1848ರ ಒಂದು ಆಟದಲ್ಲಿ ಕಾಕ್ರೇನನು ನಾಲ್ಕನೆಯ ನಡೆಗೇ ಕುದುರೆಯನ್ನು ರಾಜನ ಪಕ್ಕದ ಪದಾತಿಯ ಮೇಲೆ ಎಸೆದನು. ಬದಲಿಗೆ ಸಿಕ್ಕದ್ದು ಎರಡು ಪದಾತಿ, ಮತ್ತು ಮನೆ ಬಿಟ್ಟು ಹೊರಬಂದ ಒಬ್ಬ ರಾಜ. ಇದಕ್ಕೆ ಇಂದು ಕಾಕ್ರೇನ್ ಗ್ಯಾಂಬಿಟ್ ಎಂದೇ ಹೆಸರು.

ಮಹೇಶಚಂದ್ರರ ಕಡೆಯ ಕೊಡುಗೆ ಇನ್ನೂ ದೊಡ್ಡದೆಂದು ನಮ್ಮ ಎಣಿಕೆ. ಪದಾತಿಗಳನ್ನು ಒಂದೊಂದೇ ಮನೆ ನಡೆಸಿ ರೂಢಿಯಾಗಿದ್ದ ಅವರು ಐರೋಪ್ಯ ನಿಯಮದಲ್ಲೂ ನಡುವನ್ನು ಎದುರಾಳಿಗೆ ಬಿಟ್ಟು, ಕುದುರೆಯ ಪದಾತಿಯನ್ನು ಒಂದು ಮನೆ ಸರಿಸಿ, ಆ ಕಿಂಡಿಯಲ್ಲಿ ಒಂಟೆಯನ್ನು ಕೂರಿಸಿ ದೂರದಿಂದ ನಡುವಿಗೆ ಗುರಿಯಿಡುತ್ತಿದ್ದರು. ಅಂದಿನವರಿಗೆ ಇದು ಹಳ್ಳಿಯವರ ವಿಚಿತ್ರ ಪದ್ಧತಿಯಾಗಿ ಕಂಡಿತು. 1855ರಲ್ಲಿ ಅವರು ಕಾಕ್ರೇನನ ಮೇಲೆ ಹೂಡಿದ ಒಂದು ವ್ಯೂಹಕ್ಕೆ 1922ರಲ್ಲಿ ವಿಯೆನ್ನದ ಗ್ರೂನ್‌ಫೆಲ್ಡ್ ಎಂಬಾತನು ಅದನ್ನು ಆಡಿದ ಮೇಲೆ ಅವನ ಹೆಸರೇ ನಿಂತಿತು. ಆದರೂ ಆ ಬಗೆಯ ರಕ್ಷಣೆಗಳ ಇಡೀ ಕುಟುಂಬಕ್ಕೆ ಇಂಡಿಯನ್ ಎಂಬ ಹೆಸರು ಉಳಿದುಕೊಂಡಿದೆ. ಬಲೆಯನ್ನು ಮುರಿಯುವ ಉಪಾಯಗಳಲ್ಲಿ ಇದಕ್ಕಿಂತ ಸೊಗಸಾದದ್ದು ಯಾವುದು? ಒಡ್ಡಿದ ಕಡೆ ಹೋಗದಿರುವುದೇ ಉಪಾಯ.

ದೇಶೀ ಆಟದಿಂದ ಬಂದವರಿಗೆ ಆರಂಭದ ಪುಸ್ತಕಜ್ಞಾನದ ಕೊರತೆ ಎಷ್ಟು ಭಾರವಾಗುತ್ತಿತ್ತೆಂಬುದಕ್ಕೆ ಪಂಜಾಬಿನ ಸುಲ್ತಾನ್ ಖಾನನೇ ಉದಾಹರಣೆ. ದೇಶೀ ನಿಯಮಗಳಲ್ಲಿ ಬೆಳೆದ ಈತ ಒಬ್ಬ ನವಾಬನ ಪರಿವಾರದಲ್ಲಿ ವಿಲಾಯತಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ನನಾದನು. ಹೇಸ್ಟಿಂಗ್ಸಿನಲ್ಲಿ ಕಾಪಬ್ಲಾಂಕನನ್ನೂ ಸೋಲಿಸಿದನು. ಆರಂಭದಲ್ಲಿ ತೊಡಕಿಗೆ ಬಿದ್ದರೂ ನಡುವಿನಲ್ಲಿ, ಕೊನೆಯಲ್ಲಿ ಎದ್ದು ನಿಲ್ಲುವುದು ಅವನ ರೀತಿ. 1966ರಲ್ಲಿ ತೀರಿಕೊಂಡ ಈತನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂದದ್ದು 2024ರಲ್ಲಿ! ಸರಕಾರಿ ಪಿಂಚಣಿಯ ಕಡತಗಳೂ ಇಷ್ಟು ತಡ ಮಾಡಲಾರವು.

ಬಲಿಯ ಶಾಸ್ತ್ರವನ್ನು ಒಂದೆಡೆ ಸೇರಿಸಿದವನು ವಿಯೆನ್ನದ ರುಡಾಲ್ಫ್ ಸ್ಪೀಲ್‌ಮನ್. 1935ರ ತನ್ನ ಪುಸ್ತಕದಲ್ಲಿ ಅವನು ಬಲಿಗಳನ್ನು ಎರಡಾಗಿ ವಿಂಗಡಿಸಿದನು. ಒಂದು ತೋರಿಕೆಯ ಬಲಿ: ಕೊಟ್ಟದ್ದು ಇಂತಿಷ್ಟು ನಡೆಗಳಲ್ಲಿ ಮರಳಿ ಬರುವುದೆಂದು ಮೊದಲೇ ಲೆಕ್ಕ ಹಾಕಬಹುದು. ಇನ್ನೊಂದು ನಿಜವಾದ ಬಲಿ: ಕೊಡುವುದು ಖಂಡಿತ, ಬರುವುದು ಅನುಮಾನ, ಕೊಡುವವನ ಅನುಭವ, ಧೈರ್ಯಗಳೇ ಜಾಮೀನು. ಬ್ಯಾಂಕಿನ ಮೇಜಿನ ಮುಂದೆ ಕೂತವರಿಗೆ ಈ ವಿಭಾಗವನ್ನು ವಿವರಿಸಬೇಕಾಗಿಲ್ಲ. ಒಡವೆಯ ಮೇಲಿನ ಸಾಲಕ್ಕೂ ಮುಖ ನೋಡಿ ಕೊಡುವ ಸಾಲಕ್ಕೂ ಇರುವ ಅಂತರವೇ ಅದು. ದಮಿಯಾನೊ ತೋರಿಸಿದ್ದು ಮೊದಲನೆಯ ಜಾತಿ. ಕಾಕ್ರೇನನ ಕುದುರೆ ಎರಡನೆಯದು. ಎಂಟು ವರ್ಷದ ಮಗುವಿಗೆ ಮೊದಲನೆಯದನ್ನು ಚೆನ್ನಾಗಿ ರೂಢಿ ಮಾಡಿಸದೆ ಎರಡನೆಯದಕ್ಕೆ ಕೈಹಾಕಿಸುವುದು ನಮಗೆ ಸಮ್ಮತವಲ್ಲ. ಎದುರಾಳಿ ತಪ್ಪದೆ ಆಡಿದರೂ ನಿಲ್ಲುವಂಥದನ್ನು ಮಾತ್ರ ಬಲಿಯೆಂದು ಮಗುವಿಗೆ ಹೇಳಬೇಕು. ಅವನು ತಪ್ಪಿದರೆ ಮಾತ್ರ ನಿಲ್ಲುವುದನ್ನು ಬಲೆಯೆಂದೇ ಹೇಳಬೇಕು.

ಈಗ ನಾವಿರುವ ನಾಡಿನ ಮಾತು. ಈ ವಿದ್ಯೆಯಲ್ಲಿ ಕೇರಳವು ನಮ್ಮನ್ನು ಹಿಂದೆ ಹಾಕಿತೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಎರ್ನಾಕುಳಂ ಕಡೆಯ ಜಿ. ಎನ್. ಗೋಪಾಲ್ 2007ರಲ್ಲಿ ಕೇರಳದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ತಿರುವನಂತಪುರದ ಎಸ್. ಎಲ್. ನಾರಾಯಣನ್ 2015ರಲ್ಲಿ ಅದೇ ಪದವಿ ಪಡೆದು 2022ರ ಮಾಮಲ್ಲಪುರದ ಒಲಿಂಪಿಯಾಡಿನಲ್ಲಿ ಭಾರತದ ಪರವಾಗಿ ಆಡಿದರು. ತ್ರಿಶ್ಶೂರಿನ ನಿಹಾಲ್ ಸರಿನ್ 2018ರಲ್ಲಿ, ಇನ್ನೂ ಹದಿನಾಲ್ಕರ ಹುಡುಗನಾಗಿದ್ದಾಗಲೇ, ಆ ಮೆಟ್ಟಿಲೇರಿದರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 2017ರಲ್ಲಿ, ಮೈಸೂರಿನ ಎಂ. ಎಸ್. ತೇಜಕುಮಾರ್. ಮುಮ್ಮಡಿಯವರ ಊರಿಗೇ ಅದು ಬಂದದ್ದು ನಮಗೊಂದು ಸಮಾಧಾನ. ಕೊಚ್ಚಿಯಲ್ಲಿ 2004ರಲ್ಲಿ ವಿಶ್ವ ಜೂನಿಯರ್ ಪಂದ್ಯಾವಳಿ ನಡೆದು ಆಂಧ್ರದ ಪೆಂಟಾಲ ಹರಿಕೃಷ್ಣ ಗೆದ್ದರು.

ತ್ರಿಶ್ಶೂರು ಜಿಲ್ಲೆಯ ಮರೊಟ್ಟಿಚಾಲ್ ಎಂಬ ಹಳ್ಳಿಯ ಕತೆಯನ್ನು ಹಲವರು ಕೇಳಿರಬಹುದು. ಕುಡಿತ ಜೂಜುಗಳಲ್ಲಿ ಮುಳುಗಿದ್ದ ಊರಿಗೆ ಸಿ. ಉಣ್ಣಿಕೃಷ್ಣನ್ ಎಂಬವರು ಚೆಸ್ ಕಲಿಸಿ, ಚಹದಂಗಡಿಯ ಮೇಜುಗಳ ಮೇಲೆ ಮಣೆ ಹಾಸಿ, ಊರಿನ ಚಟವನ್ನೇ ಬದಲಿಸಿದರು. ಚಹದಂಗಡಿಯ ಮಣೆಯಲ್ಲಿ ಬಲೆಗೆ ಆಯುಸ್ಸು ಕಡಿಮೆಯೆಂಬುದು ಊಹಿಸಬಹುದಾದ ಮಾತು. ಇಂದು ಬಿದ್ದವನು ನಾಳೆ ಅದೇ ಮೇಜಿಗೆ ಉತ್ತರ ಕಲಿತು ಬರುತ್ತಾನೆ.

ಆದ್ದರಿಂದ ಮನೆಯಲ್ಲಿ ಕಲಿಸುವ ತಂದೆತಾಯಿಗಳಿಗೆ ನಮ್ಮ ಅರಿಕೆ ಇಷ್ಟು. ಆರಂಭ ಕುದುರೆಯ ಸಂಚಾರದಿಂದಾಗಲಿ. ಅರವತ್ತನಾಲ್ಕು ಒಮ್ಮೆಲೇ ಆಗದಿದ್ದರೆ ಮೂವತ್ತೆರಡು ಮನೆಗಳ ಅರ್ಧ ಮಣೆ ಸಾಕು, ವೇದಾಂತದೇಶಿಕರಿಗೆ ಅಷ್ಟೇ ಸಾಕಾಗಿತ್ತು. ಮಗುವಿಗೆ ಕುದುರೆಯ ಎಂಟು ಮನೆಗಳು ಕಣ್ಣಿಗೆ ಕಟ್ಟಿದ ಮೇಲೆ ಲೆಗಾಲನ ಬಲೆಯನ್ನು ತೋರಿಸಿರಿ. ಆದರೆ ಮಗುವನ್ನು ಕರಿಯನ ಕಡೆ ಕೂರಿಸಿ, ಬೀಳುವವನ ಜಾಗದಿಂದ ತೋರಿಸಿರಿ. ಮಂತ್ರಿಯನ್ನು ತಿನ್ನುವ ಆಸೆಯಾಗುತ್ತದೆಯೇ ಎಂದು ಕೇಳಿರಿ. ಆಗುತ್ತದೆ ಎಂದರೆ ತಿನ್ನಲಿ. ಸೋತ ಮೇಲೆ ಮಣೆಯನ್ನು ಹಿಂದಕ್ಕೆ ತಂದು ಬೇರೆ ಉತ್ತರ ಹುಡುಕಲಿ. ಕರಿಯ ಕುದುರೆಯನ್ನು ಒಮ್ಮೆ ತವರುಮನೆಯಲ್ಲಿ, ಒಮ್ಮೆ ಹೊರಗೆ ಇಟ್ಟು ಎರಡು ಸಲ ಆಡಿಸಿರಿ. ಮಾತೆಲ್ಲ ಕನ್ನಡದಲ್ಲೇ ನಡೆಯಲಿ. ನಮ್ಮಲ್ಲಿ ಭಾನುವಾರಗಳಂದು ಸೇರುವ ಏಳೆಂಟು ಮಕ್ಕಳಿಗೆ ಹೀಗೆ ಕಲಿಸಿದಾಗ, ಶಾಲೆಯಲ್ಲಿ ಆಡದ ಎಷ್ಟೋ ಕನ್ನಡದ ಮಾತುಗಳು, ಮೇಲೆ, ಕೆಳಗೆ, ಓರೆ, ಅಡ್ಡ, ಹಿಮ್ಮೆಟ್ಟು, ಕಾವಲು, ತಾವಾಗಿಯೇ ಅವರ ನಾಲಗೆಗೆ ಬರುತ್ತವೆ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ 1848ರ ಕಾಕ್ರೇನನ ಸ್ಥಿತಿಯನ್ನು ಮಣೆಯ ಮೇಲಿಟ್ಟು ಮಹೇಶಚಂದ್ರರ ಕಡೆಯನ್ನು ಅವರಿಗೇ ಬಿಡಬಹುದು. ಒಂದು ಕುದುರೆ ಹೆಚ್ಚು, ಎರಡು ಪದಾತಿ ಕಡಿಮೆ, ರಾಜ ಬಯಲಿನಲ್ಲಿ. ಇದು ಲಾಭವೋ ನಷ್ಟವೋ ಎಂದು ಒಂದು ಗಂಟೆ ಜಗಳ ನಡೆಯುತ್ತದೆ. ತೀರ್ಪು ಕೊಡಲು ಹಿರಿಯರು ಅವಸರಪಡಬೇಕಾಗಿಲ್ಲ. ನೂರೈವತ್ತೊಂದು ವರ್ಷಗಳ ಮೇಲೆ, 1999ರಲ್ಲಿ, ಸ್ಪೇನಿನ ಲಿನಾರೆಸ್ ಪಂದ್ಯದಲ್ಲಿ ಬಲ್ಗೇರಿಯದ ಟೋಪಲೋವ್ ಇದೇ ಬಲಿಯನ್ನು ರಷ್ಯದ ಕ್ರಾಮ್ನಿಕ್ ಮೇಲೆ ಪ್ರಯೋಗಿಸಿದರು. ಆಟ ಸಮವಾಯಿತು.